ವಸಡು ಸರಿದ ಹವಳ

ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ತೊಟ್ಟಿಯ ಮುಂದೆ ಹೋಗಿ ನಿಲ್ಲುವುದು ಹಲ್ಲಿನ ಡಾಕ್ಟರ ರೂಢಿ. ಆ ದಿನ ಹಾಗೆ ನಿಂತವರಿಗೆ ಮೊದಲು ಆದದ್ದು ಸಂತೋಷ. ಸಂಕಟ ಆಮೇಲೆ ಬಂತು, ಅದೂ ಹೇಳಿ ಕಳಿಸಿದ ಮೇಲೆ, ಮನಸ್ಸಿಲ್ಲದ ನೆಂಟನ ಹಾಗೆ. ಹಜಾರದ ಗೋಡೆಯುದ್ದಕ್ಕೂ ಇದ್ದ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ, ನೀಲಿ ದೀಪದ ಕೆಳಗೆ, ಮರಳಿನ ಮೇಲೆ ಊಟದ ತಟ್ಟೆಯಷ್ಟು ಅಗಲಕ್ಕೆ ಹರಡಿಕೊಂಡು ಕೂತಿದ್ದ ಹವಳದ ಒಂದು ಅಂಚಿನಲ್ಲಿ ಮಾಂಸ ಹಿಂದಕ್ಕೆ ಸರಿದು, ಕತ್ತರಿಸಿದ ಉಗುರಿನಷ್ಟು ಬಿಳಿ ಇಣುಕುತ್ತಿತ್ತು. ಹವಳವೆಂದರೆ ಉಂಗುರದಲ್ಲಿ ಕೂರುವ ಕೆಂಪು ಮಣಿ ಎಂದೇ ತಿಳಿದಿದ್ದ ಬಂಧುಬಳಗಕ್ಕೆಲ್ಲ ಡಾಕ್ಟರು ಬೇಸರವಿಲ್ಲದೆ ವಿವರಿಸಿದ್ದರು: ಇದು ಜೀವ ಇರುವ ಪ್ರಾಣಿ, ಕೆಳಗೆ ತಾನೇ ಕಟ್ಟಿಕೊಂಡ ಕಲ್ಲಿನ ಬಟ್ಟಲು, ಮೇಲೆ ದಪ್ಪನೆಯ ಮಾಂಸ, ಬಟ್ಟಲಿನ ಅಂಚಿನಿಂದ ನಡುವಿನವರೆಗೂ ಸಾಲುಸಾಲು ಹಲ್ಲು. ಹಲ್ಲು ಎಂದ ಕೂಡಲೇ ಬಂದವರು ಮುಖ ಮುಖ ನೋಡಿಕೊಂಡು “ಓ, ಅದಕ್ಕೇ ನಿಮಗೆ ಇಷ್ಟ” ಎಂದು ನಗುತ್ತಿದ್ದರು. ಡಾಕ್ಟರೂ ನಗುತ್ತಿದ್ದರು. ಒಳಗೊಳಗೇ, ಈ ಜನಕ್ಕೆ ಸಿಹಿನೀರಿನ ಬಂಗಾರದ ಮೀನೇ ಸರಿ, ಎಂದುಕೊಳ್ಳುತ್ತಿದ್ದರು.

ಮಾಂಸ ಸರಿದಿತ್ತು. ಅಂದರೆ ಹಲ್ಲು ಕಾಣುವ ಕಾಲ ಬಂದಿತ್ತು. ಸಂತೋಷಕ್ಕೆ ಕಾರಣ ಅದು. ಉಪ್ಪುನೀರಿನ ತೊಟ್ಟಿ ಸಾಕುವವರ ಸಂಘಕ್ಕೆ ನಿವೃತ್ತ ಜಡ್ಜ್ ಸಾಹೇಬರು ಅಧ್ಯಕ್ಷರು. ಸದಸ್ಯರ ಮನೆಗೆ ಹೊಸ ಹವಳ ಬಂದರೆ ಸಂಘವೇ ಬಂದು, ಕಾಫಿ ಕುಡಿದು, ಅದರ ಜಾತಿ ಗುರುತಿಸಿ ಹೋಗುವುದು ವಾಡಿಕೆ. ಹೋದ ಸಲ ಎಲ್ಲರೂ ಇದೇ ಹಜಾರದಲ್ಲಿ ಸೇರಿದ್ದಾಗ ಡಾಕ್ಟರು ಎರಡೂ ಕೈ ಅಗಲಿಸಿ, ಮಗುವಿನ ನಾಮಕರಣಕ್ಕೆ ನಿಂತ ಅಪ್ಪನ ಹಾಗೆ, “ಇದು ಅಕಾಂ... ಅಕಾಂಫೊ...” ಎಂದು ತಡವರಿಸಿದ್ದರು. ಅಡುಗೆಮನೆಯ ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದ ಹೆಂಡತಿ “ಅಕಾಂಥೊಫಿಲಿಯಾ” ಎಂದು ಒಂದೊಂದು ಅಕ್ಷರವನ್ನೂ ತೊಳೆದಿಟ್ಟ ಹಾಗೆ ಹೇಳಿದ್ದಳು. ಆಕೆ ಬಹಳ ಕಾಲ ರೇಡಿಯೋದಲ್ಲಿ ವಾರ್ತೆ ಓದಿದವಳು. ಯಾವ ದೇಶದ ಯಾವ ಮಂತ್ರಿ ಸತ್ತರೂ ಅವಳ ಬಾಯಲ್ಲಿ ಅವನ ಹೆಸರು ಸೊಟ್ಟಗಾದದ್ದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದ್ದು ಹವಳಕ್ಕೋ ಅವಳ ಉಚ್ಚಾರಣೆಗೋ ಎಂಬುದು ಡಾಕ್ಟರಿಗೆ ಬಗೆಹರಿಯಲಿಲ್ಲ. ಅಷ್ಟರಲ್ಲಿ ಜಡ್ಜ್ ಸಾಹೇಬರು ಕನ್ನಡಕ ಹಾಕಿಕೊಂಡರು, ಬಗ್ಗಿದರು, ಕನ್ನಡಕ ತೆಗೆದರು, “ಸಿನರಿನಾ” ಎಂದರು. ಬಾಗಿಲಿಗೆ ಬಂದ ಸಾಬೂನು ಮಾರುವವನಿಗೆ ‘ಬೇಡ’ ಎನ್ನುವ ಧ್ವನಿಯಲ್ಲಿ.

ಸಿನರಿನಾ ಕೆಟ್ಟ ಹವಳವೇನಲ್ಲ. ಆದರೆ ಸಿನರಿನಾ ಕಲಿಯುವವರ ಮನೆಯಲ್ಲೂ ಇರುತ್ತದೆ. ಅಕಾಂಥೊಫಿಲಿಯಾ ಇರುವವನನ್ನು ಸಂಘದಲ್ಲಿ ಮುಂದಿನ ಸಾಲಿನ ಕುರ್ಚಿಗೆ ಕರೆಯುತ್ತಾರೆ. ಎರಡೂ ಒಂಟಿ ಬಟ್ಟಲಿನವೇ, ಎರಡೂ ಉಬ್ಬಿ ಕೂತಾಗ ಅಕ್ಕತಂಗಿಯರ ಹಾಗೆ. ಸಿನರಿನಾದ ಮಾಂಸ ಗಾಜಿನಂತೆ ತೆಳುವಾಗಿ ಒಳಗಿನ ದಪ್ಪ ಮೊಂಡು ಹಲ್ಲು ನೆರಳಾಗಿ ಕಾಣುತ್ತದೆ. ಅಕಾಂಥೊಫಿಲಿಯಾದ ಮಾಂಸ ದಪ್ಪ, ಸುಕ್ಕು, ಒಳಗಿನ ಒತ್ತಾದ ಚೂಪು ಹಲ್ಲನ್ನು ಬಿಟ್ಟುಕೊಡುವುದಿಲ್ಲ. ಡಾಕ್ಟರು ಇದನ್ನೇ ವಾದಿಸಿದರು. ಜಡ್ಜ್ ಸಾಹೇಬರು ಕೈಯೆತ್ತಿ ತಡೆದರು. “ಡಾಕ್ಟ್ರೇ, ಬದುಕಿರೋರು ಹೇಗೆ ಬೇಕಾದ್ರೂ ಕಾಣಿಸ್ಕೋತಾರೆ. ಉಬ್ಬೋರು ಉಬ್ತಾರೆ, ಕುಗ್ಗೋರು ಕುಗ್ತಾರೆ. ಸಾಕ್ಷಿ ಅಂದ್ರೆ ಎಲುಬು. ಎಲುಬು ಸುಳ್ಳು ಹೇಳಲ್ಲ.” ವಿಮೆ ಏಜೆಂಟನಾಗಿದ್ದ ಸಂಘದ ಕಾರ್ಯದರ್ಶಿ, “ಹಾಗಾದ್ರೆ ಸತ್ತ ಮೇಲೆ ನೋಡ್ಬಹುದು ಬಿಡಿ ಸರ್, ನಮ್ಮ ಕಸುಬೇ ಅದು” ಎಂದು ಎಲ್ಲರನ್ನೂ ನಗಿಸಿದ. ತೀರ್ಪು ಸಿನರಿನಾ ಎಂದೇ ಆಯಿತು. ಡಾಕ್ಟರ ಮುಖ ನೋಡಿ, ಇನ್ನೊಮ್ಮೆ ಬಂದು ಪರಿಶೀಲಿಸುವುದೆಂದೂ ಆಯಿತು. ಆ ಇನ್ನೊಮ್ಮೆ ಇವತ್ತು ಸಂಜೆ.

ಡಾಕ್ಟರು ಸ್ಟೂಲು ಎಳೆದುಕೊಂಡು, ತೋಳು ಮಡಚಿ, ಮನೆಯಲ್ಲೇ ಇಟ್ಟುಕೊಂಡಿದ್ದ ಉದ್ದ ಹಿಡಿಯ ಬಾಯಿಗನ್ನಡಿಯನ್ನು ನೀರಿಗಿಳಿಸಿದರು. ಸರಿದ ಮಾಂಸದ ಕೆಳಗೆ ಕನ್ನಡಿಯ ಅಂಚು ತೂರಿಸುವಾಗ “ಸ್ವಲ್ಪ ಬಾಯಿ ಅಗಲ ಮಾಡಿ... ಆಯ್ತು, ಆಗೋಯ್ತು” ಎಂದು ಅಭ್ಯಾಸಬಲದಿಂದ ಅವರ ಬಾಯಿಗೆ ಬಂತು. ಹವಳ ಆಗೋಯ್ತು ಎಂಬುದನ್ನು ನಂಬಲಿಲ್ಲ. ಅದರ ಇಡೀ ಮೈ, ಗಾಳಿ ಬಿಟ್ಟ ದಿಂಬಿನ ಹಾಗೆ, ನೋಡನೋಡುತ್ತ ಕುಗ್ಗಿತು. ಕುಗ್ಗಿದ್ದರಿಂದ ಹಲ್ಲು ಇನ್ನೂ ಚೆನ್ನಾಗಿ ಕಂಡಿತು. ಒತ್ತೊತ್ತಾಗಿ, ಚೂಪಾಗಿ; ಮೊಂಡಲ್ಲ, ದಪ್ಪವಲ್ಲ. ಅಕಾಂಥೊಫಿಲಿಯಾ. ಅವರು ಸರಿ. ಜಡ್ಜ್ ಸಾಹೇಬರು ತಪ್ಪು. ಸ್ಟೂಲಿನ ಮೇಲೆ ನಿಂತೇ ಡಾಕ್ಟರಿಗೆ ಕಣ್ಣು ತುಂಬಿ ಬಂತು; ಮೆಡಿಕಲ್ ಸೀಟು ತಪ್ಪಿ ಹಲ್ಲಿನ ಸೀಟು ಸಿಕ್ಕಾಗಿನಿಂದ ಯಾರೋ ತಮ್ಮನ್ನು ‘ಪೂರ್ತಿ ಡಾಕ್ಟರಲ್ಲ’ ಎಂದು ಬೆನ್ನ ಹಿಂದೆ ಹೇಳುತ್ತಲೇ ಇದ್ದಾರೆಂದು ಅವರಿಗೆ ಅನಿಸುತ್ತಿತ್ತು, ಮಾವ ಮದುವೆಯ ಮಾತುಕತೆಯಲ್ಲಿ “ಹಲ್ಲಿಂದಾ? ಇರ್ಲಿ, ಹಲ್ಲೂ ಬೇಕಲ್ಲ” ಎಂದದ್ದು ಈಗಲೂ ಕಿವಿಯಲ್ಲಿತ್ತು, ಮತ್ತು ಈಗ, ನೀಲಿ ಬೆಳಕಿನಲ್ಲಿ, ಹಲ್ಲೇ ಅವರ ಪರವಾಗಿ ಸಾಕ್ಷಿ ಹೇಳಲು ಎದ್ದು ನಿಂತಿತ್ತು.

ಆದರೆ ಅದು ಅವರೊಬ್ಬರಿಗೆ ಕಂಡ ಸಾಕ್ಷಿ. ಸಂಜೆ ಎಲ್ಲರಿಗೂ ಕಾಣಬೇಕಾದರೆ ಮಾಂಸ ಇನ್ನೂ ಬೆರಳಗಲ ಸರಿಯಬೇಕು. ತೊಟ್ಟಿಯ ಮೂಲೆಯಲ್ಲಿ ನೀರು ತಳ್ಳುವ ಪಂಪಿನ ಬಾಯಿ ಯಾವಾಗಲೋ ತಿರುಗಿಕೊಂಡು ನೇರ ಹವಳದ ಮುಖಕ್ಕೇ ಊದುತ್ತಿತ್ತು. ಮಾಂಸ ಸರಿದದ್ದು ಅದರಿಂದಲೇ ಎಂದು ಗೊತ್ತಾಗದಷ್ಟು ದಡ್ಡರಲ್ಲ ಡಾಕ್ಟರು. ಪಂಪನ್ನು ತಾವು ತಿರುಗಿಸಿರಲಿಲ್ಲ, ದೇವರಾಣೆಗೂ ಇಲ್ಲ. ತಾನಾಗಿ ತಿರುಗಿತ್ತು. ತಾವು ಅದನ್ನು ಮತ್ತೆ ತಿರುಗಿಸಲಿಲ್ಲ, ಅಷ್ಟೆ. ತಿರುಗಿಸುವುದಕ್ಕೂ ತಿರುಗಿಸದಿರುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸ ಇದ್ದೇ ಇರಬೇಕು, ಬೇಕಾದರೆ ಜಡ್ಜ್ ಸಾಹೇಬರನ್ನೇ ಕೇಳಬಹುದು, ಎಂದುಕೊಳ್ಳುತ್ತ ಅವರು ತೋಳು ಒರೆಸಿಕೊಂಡರು.

“ಅದಕ್ಕೇನೋ ಆಗಿದೆ ಕಣ್ರೀ,” ಎಂದಳು ಹೆಂಡತಿ. ಯಾವಾಗ ಬಂದು ನಿಂತಿದ್ದಳೋ. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ಕೆನ್ನೆಯ ಮೇಲೆ.

“ಏನಿಲ್ಲ. ಬೆಳಗಿನ ಹೊತ್ತು ಹಾಗೇ.”

“ನಿನ್ನೆ ಬೆಳಗಿನ ಹೊತ್ತು ಹೀಗಿರ್ಲಿಲ್ಲ. ಆ ಅಂಚು ನೋಡಿ, ಬೆಳ್ಳಗೆ.”

“ನಿಂಗೆ ಗೊತ್ತಾಗಲ್ಲ ಬಿಡೆ.”

ಅವಳು ಕಾಫಿಯನ್ನು ಒಂದೇ ಪಕ್ಕದಿಂದ ಹೀರಿ, ಮುಖ ಕಿವುಚಿ, ಒಳಗೆ ಹೋದಳು. ಡಾಕ್ಟರು ಅದನ್ನು ನೋಡಿದರು. ಅವರ ಕಣ್ಣು ನೋಡಿತು ಎಂದು ಹೇಳುವುದು ಹೆಚ್ಚು ಸರಿ; ಡಾಕ್ಟರು ಆಗ ಸಂಜೆಯ ಭಾಷಣದಲ್ಲಿದ್ದರು.

ಕ್ಲಿನಿಕ್ಕಿನಲ್ಲಿ ಅವತ್ತು ಮೊದಲು ಬಂದವರು ಶಾಲೆಯೊಂದರ ಹೆಡ್‌ಮಿಸ್ಸು. ಕುರ್ಚಿಯನ್ನು ಒರಗಿಸಿ, ದೀಪ ಎಳೆದು, ಬಾಯೊಳಗೆ ಕನ್ನಡಿ ಇಟ್ಟ ಡಾಕ್ಟರಿಗೆ ಕ್ಷಣಕಾಲ ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ಕೆಳಗಿನ ಮುಂದಿನ ಹಲ್ಲುಗಳ ವಸಡು ಸರಿದು, ಬೇರಿನ ಹಳದಿ ಕಾಣುತ್ತಿತ್ತು. “ಸರಿದಿದೆ,” ಎಂದರು, ಬೇಕಾದ್ದಕ್ಕಿಂತ ಉತ್ಸಾಹದಲ್ಲಿ. ಹೆಡ್‌ಮಿಸ್ಸು ಗಾಬರಿಯಾದರು. ಆಮೇಲೆ ಡಾಕ್ಟರು ಎಲ್ಲರಿಗೂ ಹೇಳುವ ಪಾಠ ಹೇಳಿದರು: ವಸಡು ಹಲ್ಲಿನ ಹೊದಿಕೆ, ಒರಟಾಗಿ ಉಜ್ಜಬಾರದು, ಒಂದು ಸಲ ಕೆಳಗಿಳಿದದ್ದು ತಾನಾಗಿ ಮೇಲೆ ಬರುವುದಿಲ್ಲ. ಮಕ್ಕಳಿಗೆ ಪಾಠ ಹೇಳಿ ಹೇಳಿ ಪಾಠ ಕೇಳಿಸಿಕೊಳ್ಳುವುದು ಮರೆತಿದ್ದ ಹೆಡ್‌ಮಿಸ್ಸು ನಡುವೆಯೇ ತಡೆದು, “ಮುಂಚೇನೇ ಯಾರಾದ್ರೂ ನೋಡಿದ್ರೆ ತಡೀಬಹುದಿತ್ತಾ ಡಾಕ್ಟ್ರೇ?” ಎಂದು ಕೇಳಿದರು.

“ಖಂಡಿತ. ಮೊದಲನೇ ದಿನವೇ ಗೊತ್ತಾಗುತ್ತೆ ನೋಡೋರಿಗೆ.”

“ಮತ್ತೆ ನಾನು ಹೋದ ವರ್ಷಾನೂ ನಿಮ್ಮ ಹತ್ರಾನೇ ಬಂದಿದ್ದೆನಲ್ಲ?”

ಡಾಕ್ಟರು ಬಾಯಿ ಮುಕ್ಕಳಿಸಲು ಹೇಳಿದರು. ಹಲ್ಲಿನ ವೈದ್ಯಕ್ಕೆ ಇರುವ ದೊಡ್ಡ ಅನುಕೂಲವೆಂದರೆ ಅದೇ: ಪ್ರಶ್ನೆ ಕೇಳುವವರ ಬಾಯಿಗೆ ಯಾವಾಗ ಬೇಕಾದರೂ ಏನಾದರೂ ಹಾಕಬಹುದು. ಆದರೆ ಹೆಡ್‌ಮಿಸ್ಸು ಮುಕ್ಕಳಿಸಿ ಉಗುಳುವ ಸದ್ದಿನಲ್ಲಿ ಅವರಿಗೆ ಪಂಪಿನ ಸದ್ದು ಕೇಳಿಸಿತು. ಈಗ ಎಷ್ಟು ಸರಿದಿರಬಹುದು? ಹವಳಕ್ಕೆ ನೋವಾಗುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅದಕ್ಕೆ ಮಿದುಳಿಲ್ಲ. ಮಿದುಳಿಲ್ಲದ್ದು ಬೆಳಿಗ್ಗೆ ಕನ್ನಡಿ ತಗುಲಿದ್ದಕ್ಕೆ ಹಾಗೇಕೆ ಮುದುಡಬೇಕು? ತಂದ ಹೊಸದರಲ್ಲಿ ಅದು ಆಕ್ರೋಡಿನ ಹಾಗೆ ಸುಕ್ಕಾಗಿ ಕೂತಿತ್ತು. ಸಂಜೆ ದೀಪ ಆರಿಸಿದ ಮೇಲೆ ಅದರ ಸುತ್ತ ಸಣ್ಣ ಸಣ್ಣ ಬೆರಳುಗಳು ಎದ್ದು ಅಳುಕುತ್ತ ನೀರನ್ನು ತಡಕುವುದನ್ನು ಮೊದಲು ಕಂಡಾಗ, ಇಕ್ಕಳದ ತುದಿಯಲ್ಲಿ ಹಿಡಿದ ಸಿಗಡಿಯ ಚೂರನ್ನು ಅದು ನಿಧಾನವಾಗಿ, ಕೊಟ್ಟವನನ್ನು ನಂಬಿ ಒಳಗೆಳೆದುಕೊಂಡಾಗ, ಹೆಂಡತಿಯನ್ನು ಕೂಗಿ ಕರೆದು ತೋರಿಸಿದ್ದರು. ಇಬ್ಬರೂ ನೆಲದ ಮೇಲೆ ಕೂತು ಹಾಗೇ ನೋಡಿದ್ದರು. ಆಗ ಅದಕ್ಕೆ ಹೆಸರಿರಲಿಲ್ಲ. ಹೆಸರಿಲ್ಲದ ಆ ಕೆಲವು ವಾರ ತಾವು ಸುಖವಾಗಿದ್ದೆವೇ ಎಂದು ಯೋಚಿಸುವಷ್ಟರಲ್ಲಿ ಸಿಸ್ಟರ್ ಬಾಗಿಲು ತಳ್ಳಿ, “ಸರ್, ಜಡ್ಜ್ ಸಾಹೇಬ್ರು. ಅರ್ಜೆಂಟಂತೆ” ಎಂದಳು.

ಜಡ್ಜ್ ಸಾಹೇಬರು ಕರವಸ್ತ್ರದಲ್ಲಿ ಸುತ್ತಿದ ಮೇಲ್ದವಡೆಯ ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದು ಬಂದಿದ್ದರು. ಅದು ಕಳಚಿ ಕಳಚಿ ಬೀಳುತ್ತಿದೆಯೆಂದೂ, ಸಂಜೆ ಸಭೆಯಲ್ಲಿ ಮಾತಾಡುವುದಿದೆಯೆಂದೂ, ಹಲ್ಲಿಲ್ಲದ ಬಾಯಿಂದ ಗಾಳಿಯಾಗಿ ಹೊರಬಂದ ಮಾತಿನಲ್ಲಿ ಹೇಳಿದರು. ಕುರ್ಚಿಯಲ್ಲಿ ಒರಗಿದ ಆ ಮುಖವನ್ನು ಮೇಲಿನಿಂದ ನೋಡಿದಾಗ ಡಾಕ್ಟರಿಗೆ ಅಯ್ಯೋ ಎನಿಸಬೇಕಿತ್ತು, ಅನಿಸಲಿಲ್ಲ. ಈ ಖಾಲಿ ಬಾಯಿಯೇ ನನ್ನ ಹವಳವನ್ನು ಸಿನರಿನಾ ಎಂದದ್ದು. ಒಂದು ಕೂದಲೆಳೆಯಷ್ಟು ಸಡಿಲ ಬಿಟ್ಟರೆ ಸಾಕು, ಸಂಜೆ ‘ಸಿನ’ ಎನ್ನುವಷ್ಟರಲ್ಲಿ ಸೆಟ್ಟು ಕಾಫಿ ಬಟ್ಟಲಿಗೆ ಬೀಳುತ್ತದೆ. ಆ ಯೋಚನೆ ಎಷ್ಟು ರುಚಿಯಾಗಿತ್ತೆಂದರೆ ಡಾಕ್ಟರು ಸೆಟ್ಟನ್ನು ಉಜ್ಜುತ್ತ ಕೆಲಹೊತ್ತು ಅದನ್ನೇ ಚಪ್ಪರಿಸಿದರು. ಆದರೆ ಕೈ ಮಾತು ಕೇಳಲಿಲ್ಲ. ಇಷ್ಟು ವರ್ಷದ ಕೈ, ಯಾರ ಬಾಯಿ ಎಂದು ನೋಡದೆ ಸರಿಯಾಗಿಯೇ ಕೂರಿಸಿತು.

ಹಲ್ಲು ಬಂದ ಕೂಡಲೇ ಜಡ್ಜ್ ಸಾಹೇಬರ ಮುಖಕ್ಕೆ ಹುದ್ದೆಯೂ ಬಂತು. ಕೆಳಗಿನ ಮೇಲಿನ ಹಲ್ಲುಗಳನ್ನು ಟಕಟಕ ಕಚ್ಚಿ ನೋಡಿ, “ಭೇಷ್” ಎಂದರು. “ಅಂದ ಹಾಗೆ, ನಿಮ್ಮ ಅಕಾಂಥೊ ಹೇಗಿದೆ?”

ಡಾಕ್ಟರು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು. “ತಾವು ಅದನ್ನ ಸಿನರಿನಾ ಅಂದಿದ್ರಿ.”

“ನಾನಾ?”

“ತೀರ್ಪೇ ಕೊಟ್ಟಿದ್ರಿ ಸರ್. ಎಲ್ಲರ ಮುಂದೆ.”

“ಹೌದಾ? ಅಂದಿರಬಹುದು, ಅಂದಿರಬಹುದು.” ಅವರು ಕುರ್ಚಿಯಿಂದ ಇಳಿಯಲು ಕೈ ಚಾಚಿದರು, ಡಾಕ್ಟರು ಹಿಡಿದರು. “ಅವತ್ತು ನನ್ನ ಓದೋ ಕನ್ನಡಕ ಮನೇಲೇ ಉಳಿದಿತ್ತು ನೋಡಿ. ಅಭ್ಯಾಸ ಆಗ್ಬಿಟ್ಟಿದೆ ಡಾಕ್ಟ್ರೇ. ಯಾರಾದ್ರೂ ಏನಾದ್ರೂ ತೋರಿಸಿ ಇದು ಹೀಗೆ ಅಂದ್ರೆ ಸಾಕು, ಅಲ್ಲ ಅಂತ ಬಂದ್ಬಿಡುತ್ತೆ ಬಾಯಲ್ಲಿ. ನಮ್ಮ ಮನೆಯವಳು ಇದ್ದಾಗ ಹೇಳ್ತಿದ್ಲು, ನಿಮ್ಮ ಜೊತೆ ಹೊತ್ತು ಮುಳುಗಿದೆ ಅನ್ನೋಕೂ ವಕೀಲರನ್ನ ಇಡಬೇಕು ಅಂತ.” ನಕ್ಕರು, ಹೊಸದಾಗಿ ಕೂತ ಹಲ್ಲು ನಗುವನ್ನು ಚೆನ್ನಾಗಿ ಹಿಡಿಯಿತು. “ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಸಂಜೆ ನೋಡೋಣ.”

ಡಾಕ್ಟರು ಕೈತೊಳೆಯುವ ಬೋಗುಣಿಯ ಮುಂದೆ ನಿಂತರು. ನಲ್ಲಿ ಹರಿಯುತ್ತಲೇ ಇತ್ತು. ಜಡ್ಜ್ ಸಾಹೇಬರು ಮರೆತಿದ್ದರು. ತಾವು ಎಷ್ಟೋ ದಿನದಿಂದ ಊಟ ಬಿಟ್ಟು, ನಿದ್ದೆ ಬಿಟ್ಟು, ಸ್ನಾನದ ಮನೆಯಲ್ಲಿ ತಮ್ಮಷ್ಟಕ್ಕೆ ತಾವು ವಾದಿಸಿ ಗೆದ್ದಿದ್ದ ಮೊಕದ್ದಮೆಯಲ್ಲಿ ಎದುರು ಪಕ್ಷವೇ ಇರಲಿಲ್ಲ. ಯಾರೂ ಇಲ್ಲದ ಕೋರ್ಟಿನಲ್ಲಿ ಕೂಗಾಡಿದ ಹಾಗೆ. ಮತ್ತು ಅಲ್ಲಿ ಮನೆಯಲ್ಲಿ, ಆ ಇಲ್ಲದ ಮೊಕದ್ದಮೆಗೆ ಸಾಕ್ಷಿ ಸಿದ್ಧವಾಗುತ್ತಿತ್ತು, ಅಂಚಿನಿಂದ ಅಂಚಿಗೆ, ನೀರಿನ ಹೊಡೆತಕ್ಕೆ ಬಿಟ್ಟುಕೊಡುತ್ತ. ಡಾಕ್ಟರು ಮುಖಗವಸು ಬಿಚ್ಚದೆಯೇ ಹೊರಗೆ ಬಂದು, ಕಾಯುತ್ತಿದ್ದವರಿಗೆ ನಾಳೆ ಬರಲು ಹೇಳಿ ಎಂದು ಸಿಸ್ಟರಿಗೆ ಹೇಳಿ, ಮೆಟ್ಟಿಲಿಳಿದರು. ಒಬ್ಬ ಕೆನ್ನೆ ಊದಿದವನು “ಡಾಕ್ಟ್ರೇ, ನನ್ನ ಗತಿ?” ಎಂದು ಕೂಗಿದ್ದು ಹಿಂದಿನಿಂದ ಕೇಳಿಸಿತು. ರಸ್ತೆಯ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಪಕ್ಕದ ಸ್ಕೂಟರಿನವಳು ಅವರ ಹಸಿರು ಮುಖಗವಸು ನೋಡಿ ತನ್ನ ಮಗುವನ್ನು ಆ ಕಡೆಗೆ ತಿರುಗಿಸಿಕೊಂಡಳು. ಈಗ ಹೋಗಿ ಪಂಪು ತಿರುಗಿಸಿದರೆ ಉಳಿಯುತ್ತದೆ; ಉಳಿಯಲೇಬೇಕು. ಆದರೆ ಈ ಓಟ ಹವಳಕ್ಕಾಗಿಯೋ, ಜಡ್ಜ್ ಸಾಹೇಬರು ಮರೆತರು ಎಂಬುದಕ್ಕಾಗಿಯೋ? ಅವರು ಮರೆಯದೆ ಇದ್ದಿದ್ದರೆ ತಾವು ಈ ಹೊತ್ತಿನಲ್ಲಿ ಮಧ್ಯಾಹ್ನದ ಊಟ ಮಾಡುತ್ತ ಕೂತಿರುತ್ತಿದ್ದೆವಲ್ಲವೇ? ಸಿಗ್ನಲ್ಲು ಹಸಿರಾಯಿತು. ಹಿಂದಿನವರು ಹಾರ್ನು ಒತ್ತಿದರು. ಉತ್ತರ ಕೊಡದೆ ಹೊರಟರೆ ಸಾಕಾಗಿತ್ತು, ಹೊರಟರು.

ಮನೆಗೆ ಬಂದು ನೋಡಿದರೆ ತೊಟ್ಟಿಯ ಮುಂದೆ ನೆಲವೆಲ್ಲ ಒದ್ದೆ, ಸ್ಟೂಲು ಜಾಗದಲ್ಲಿಲ್ಲ, ಹವಳವೂ ಜಾಗದಲ್ಲಿಲ್ಲ. ಅದು ದೊಡ್ಡ ಬಂಡೆಯ ಮರೆಯಲ್ಲಿ, ನೆರಳಿನಲ್ಲಿ, ನೀರು ಸುಮ್ಮನಿರುವ ಮೂಲೆಯ ಮರಳಿನ ಮೇಲೆ ಕೂತಿತ್ತು. ಬಿಳಿ ಅಂಚು ಬೆಳಗಿಗಿಂತ ಅಗಲವಾಗಿತ್ತು. ಪಂಪಿನ ಬಾಯಿ ಗಾಜಿನ ಕಡೆಗೆ ತಿರುಗಿತ್ತು. ಹೆಂಡತಿ ಸೋಫಾದ ತುದಿಯಲ್ಲಿ, ತೋಳಿನವರೆಗೂ ಒದ್ದೆಯಾಗಿ, ಟವೆಲು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ನೀನು ಮುಟ್ಟಿದ್ಯಾ ಅದನ್ನ?”

“ಇನ್ಯಾಲು ಮುತ್ತಬೇಕಿತ್ತು?”

ಡಾಕ್ಟರು ನಿಂತಲ್ಲೇ ನಿಂತರು. ಆ ಧ್ವನಿ ಅವಳದು, ಮಾತು ಅವಳದಲ್ಲ. ಯಾವ ದೇಶದ ಯಾವ ಹೆಸರಿಗೂ ಎಡವದ ನಾಲಿಗೆ ಅರ್ಧ ಮಲಗಿತ್ತು. ಕೆಳತುಟಿಯ ಎಡಗಡೆ ಜೋತು, ಅಲ್ಲಿ ನೀರು ಕುಡಿದದ್ದೋ ಏನೋ ಒಂದು ಹನಿ ನಿಂತಿತ್ತು, ಅದು ಅಲ್ಲಿರುವುದು ಅವಳಿಗೆ ಗೊತ್ತಿರಲಿಲ್ಲ. ಪಾರ್ಶ್ವವಾಯು ಎಂದುಕೊಂಡದ್ದು ಒಂದು ಕ್ಷಣ. ಮರುಕ್ಷಣ ಡಾಕ್ಟರ ಕಣ್ಣಿಗೆ ಎಲ್ಲ ಗೊತ್ತಾಯಿತು. ಕೆಳದವಡೆ, ಎಡಗಡೆ, ಹಿಂದಿನ ಹಲ್ಲು, ಮರಗಟ್ಟಿಸುವ ಇಂಜೆಕ್ಷನ್ನು. ಅಚ್ಚುಕಟ್ಟಾಗಿ ಕೊಟ್ಟಿದ್ದಾರೆ. ಕೊಟ್ಟವರು ತಾವಲ್ಲ.

“ಯಾವ ಡಾಕ್ಟ್ರು?”

“ಎದುರು ಲತ್ತೆಯವ್ರು.” ಅವಳು ನಾಲಿಗೆಯನ್ನು ಗದರಿಸಿ ಸರಿಮಾಡಿಕೊಂಡು ನಿಧಾನವಾಗಿ, ಹಳೆಯ ಅಭ್ಯಾಸದಿಂದ ಒಂದೊಂದು ಪದಕ್ಕೂ ಜಾಗ ಕೊಟ್ಟು ಹೇಳಿದಳು. “ಎದುರು ರಸ್ತೆ. ಹೊಸದಾಗಿ ಬೋರ್ಡು ಹಾಕಿದಾರಲ್ಲ, ಆ ಹುಡುಗಿ.”

“ನಾನು ಹಲ್ಲಿನ ಡಾಕ್ಟ್ರು ಕಣೇ!”

“ಗೊತ್ತು. ಬೋರ್ಡು ನೋಡಿದೀನಿ.” ಟವೆಲಿನಿಂದ ತುಟಿ ಒತ್ತಿಕೊಂಡಳು. “ಎಷ್ಟು ಸಲ ಹೇಳಿದೆ ನಿಮಗೆ? ಆಮೇಲೆ ನೋಡೋಣ ಅಂದ್ರಿ. ಕ್ಲಿನಿಕ್ಕಿಗೆ ಬಾ ಅಂದ್ರಿ, ಬಂದ್ರೆ ರಶ್ಶು ಅಂದ್ರಿ. ತೊಟ್ಟಿ ನೀರು ಬದಲಾಯಿಸೋದನ್ನ ಒಂದು ದಿನ ಆಮೇಲೆ ಅಂದಿದ್ದೀರಾ? ಅದರ ಉಪ್ಪು ನೋಡ್ತೀರಿ, ಸುಣ್ಣ ನೋಡ್ತೀರಿ, ಬಿಸಿ ನೋಡ್ತೀರಿ. ಆಯ್ತು, ಅದನ್ನಾದ್ರೂ ನೋಡ್ಕೋತಾರೆ ಅಂದ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ಅದೂ ಹೋಯ್ತು.”

“ಅಂದ್ರೆ?”

“ಅದು ಸರಿಯೋದನ್ನ ನೀವು ನೋಡ್ತಾ ನಿಂತಿದ್ರಿ. ನಾನು ನಿಮ್ಮನ್ನ ನೋಡ್ತಾ ನಿಂತಿದ್ದೆ. ಕನ್ನಡಿ ತೂರಿಸಿದ್ದೂ ನೋಡಿದೆ.”

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಡಾಕ್ಟರು ರೋಗಿಗಳಿಗೆ ಎಷ್ಟೋ ಸಲ ಹೇಳಿದ್ದರು, ಎದುರಿನ ಹಲ್ಲಿನ ಹಿಂದೆ ಕೂತ ಪಾಚಿಯ ವಿಷಯದಲ್ಲಿ. ಈಗ ಏನಾದರೂ ಹೇಳಬೇಕಿತ್ತು. ಅವರ ಬಾಯಿಗೆ ಬಂದದ್ದು “ಬೇರಿನ ಚಿಕಿತ್ಸೆ ಮಾಡಿದ್ರಾ, ಇಲ್ಲ ಬರೀ ತುಂಬಿದ್ರಾ?” ಎಂಬುದು. ಅವಳು ನಕ್ಕಳು. ಅರ್ಧ ಮುಖ ಮಾತ್ರ ನಕ್ಕಿತು, ಇನ್ನರ್ಧ ನೋಡುತ್ತಿತ್ತು. “ನಾಳೆ ಇನ್ನೊಂದು ಸಲ ಬಾ ಅಂದಿದಾರೆ” ಎಂದು ಎದ್ದು ಹೋಗಿ, ಸಂಜೆಯ ಬಟ್ಟಲುಗಳನ್ನು ತೊಳೆಯಲು ಕೂತಳು. ಡಾಕ್ಟರು ನೆಲ ಒರೆಸಿದರು. ಒರೆಸುತ್ತ ಒರೆಸುತ್ತ ತೊಟ್ಟಿಯ ಕಾಲಿನವರೆಗೆ ಬಂದು, ಗಾಜಿನಾಚೆ ಮೂಲೆಯಲ್ಲಿ ಮುದುಡಿ ಕೂತ ಹವಳವನ್ನು ಕಣ್ಣೆತ್ತಿ ನೋಡಲಾರದೆ ಮತ್ತೆ ಬಾಗಿಲ ಕಡೆಗೆ ಒರೆಸುತ್ತ ಹೋದರು.

ಸಂಜೆ ಸಂಘ ಬಂತು. ಕಾರ್ಯದರ್ಶಿ ಎಲ್ಲಿಗೆ ಹೋದರೂ ನೀರಿನ ಉಪ್ಪು ಅಳೆಯುವ ಸಾಧನವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುವವನು. ಚಪ್ಪಲಿ ಬಿಡುವ ಮೊದಲೇ ಅದನ್ನು ಹೊರತೆಗೆದು ಒಂದು ಹನಿ ನೋಡಿ, “ಪರವಾಗಿಲ್ಲ” ಎಂದ. ಅವನು ಪರವಾಗಿಲ್ಲ ಎಂದರೆ ತುಂಬ ಚೆನ್ನಾಗಿದೆ ಎಂದರ್ಥ; ಇನ್ನೊಬ್ಬರ ನೀರಿಗೆ ಅದಕ್ಕಿಂತ ಹೆಚ್ಚು ಯಾರೂ ಸಂಘದಲ್ಲಿ ಹೇಳುವುದಿಲ್ಲ. ಉಳಿದವರು ಸೋಫಾ ತುಂಬಿದರು. ಬಿಸ್ಕತ್ತು ಸುತ್ತು ಹೊಡೆಯಿತು. ಜಡ್ಜ್ ಸಾಹೇಬರು ಎರಡು ಜೊತೆ ಕನ್ನಡಕ ತಂದಿದ್ದರು. ಹವಳದ ಮುಂದೆ ಬಗ್ಗಿ, ಎಲ್ಲರೂ ಸುಮ್ಮನಾಗುವವರೆಗೆ ಕಾದು, “ಇದು ನನ್ನ ಅಭಿಪ್ರಾಯದಲ್ಲಿ ಅಕಾಂ...” ಎಂದು ಶುರು ಮಾಡುವಷ್ಟರಲ್ಲಿ ಕಾರ್ಯದರ್ಶಿ ಮೆಲ್ಲಗೆ ಕೆಮ್ಮಿದ.

“ಸರ್, ಹೋದ ಸಲ ತಾವು ಸಿನರಿನಾ ಅಂತ ತೀರ್ಪು ಕೊಟ್ಟಿದ್ರಿ.”

“ಕೊಟ್ಟಿದ್ನಾ?”

“ಕೊಟ್ಟಿದ್ರಿ ಸರ್. ಎಲ್ಲರೂ ಒಪ್ಪಿದ್ವಿ.”

ಜಡ್ಜ್ ಸಾಹೇಬರು ನೆಟ್ಟಗಾದರು. ಮಧ್ಯಾಹ್ನ ಕುರ್ಚಿಯಲ್ಲಿ ಒರಗಿದ್ದ ಮನುಷ್ಯ ಎಲ್ಲೂ ಕಾಣಲಿಲ್ಲ. “ಹಾಗಾದ್ರೆ ಸಿನರಿನಾನೇ. ಕೊಟ್ಟ ತೀರ್ಪನ್ನ ಕೊಟ್ಟವನೇ ಬದಲಾಯಿಸೋದು ಸರಿಯಲ್ಲ. ಮೇಲಿನವರು ಬದಲಾಯಿಸ್ಬೇಕು.” ಸಂಘದಲ್ಲಿ ಅವರಿಗಿಂತ ಮೇಲಿನವರು ಯಾರೂ ಇರಲಿಲ್ಲ. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಕಾರ್ಯದರ್ಶಿ ಗಾಜಿಗೆ ಮೂಗು ಒತ್ತಿ, “ಅರೆ! ವಸಡು ಸರಿದಿದೆ ಡಾಕ್ಟ್ರೇ!” ಎಂದು ಕಿರುಚಿದ. “ಹಲ್ಲಿನ ಡಾಕ್ಟ್ರ ಮನೇಲೇ ವಸಡು ಸರಿದ್ರೆ ಹೇಗೆ?” ನಗು ಎದ್ದಿತು. ನಗು ಇಳಿಯುವ ಮೊದಲೇ ಅವನಿಗೆ ಇನ್ನೊಂದು ಹೊಳೆಯಿತು. “ಸರ್, ಎಲುಬು ಕಾಣ್ತಿದೆಯಲ್ಲ. ಸ್ವಲ್ಪ ಎತ್ತಿ ನೋಡಿದ್ರೆ ಹಲ್ಲೇ ಸಿಗುತ್ತೆ. ಇವತ್ತೇ ಇತ್ಯರ್ಥ! ಡಾಕ್ಟ್ರೇ, ನಿಮ್ಮ ಹತ್ರ ಸಣ್ಣ ಕನ್ನಡಿ ಇರುತ್ತಲ್ಲ?”

“ತನ್ನಿ, ತನ್ನಿ,” ಎಂದರು ಜಡ್ಜ್ ಸಾಹೇಬರು. “ಪ್ರತ್ಯಕ್ಷ ಸಾಕ್ಷಿಗಿಂತ ದೊಡ್ಡದಿಲ್ಲ.”

ಎಲ್ಲರೂ ಎದ್ದು ತೊಟ್ಟಿಯ ಸುತ್ತ ನಿಂತರು. ಡಾಕ್ಟರು ಮೂಲೆಯ ಕಡೆ ನೋಡಿದರು. ಅಷ್ಟು ಹೊತ್ತಿಗೆ ಮೊದಲ ಸಲ ಸರಿಯಾಗಿ ನೋಡಿದರು. ನೆರಳಿನಲ್ಲಿ ಹವಳ, ಸ್ವಲ್ಪವೇ ಸ್ವಲ್ಪ, ಒಂದು ಪಕ್ಕದಲ್ಲಿ ಉಬ್ಬಿಕೊಳ್ಳಲು ಶುರು ಮಾಡಿತ್ತು. ಇಷ್ಟು ಜನ ಸುತ್ತ ನಿಂತಿರುವುದು ಗೊತ್ತಿಲ್ಲದೆ, ಅಥವಾ ಗೊತ್ತಿದ್ದೂ. ಕನ್ನಡಿ ಮೇಜಿನ ಡ್ರಾಯರಿನಲ್ಲಿತ್ತು. ಆ ಒಂದು ಕನ್ನಡಿ ತಂದು ಬೆಳಿಗ್ಗೆ ತೂರಿಸಿದಲ್ಲೇ ಇನ್ನೊಮ್ಮೆ ತೂರಿಸಿದರೆ ಸಾಕು. ಜಡ್ಜ್ ಸಾಹೇಬರ ಎರಡು ಕನ್ನಡಕದ ಮುಂದೆ, ಕಾರ್ಯದರ್ಶಿಯ ಮೂಗಿನ ಮುಂದೆ, ಒತ್ತಾದ ಚೂಪು ಹಲ್ಲು ಸಾಲಾಗಿ ನಿಂತು ಹೇಳುತ್ತದೆ. ಮುಂದಿನ ಸಾಲಿನ ಕುರ್ಚಿ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಇದ್ದಳು. ಅವಳ ತುಟಿಗೆ ಜೀವ ಮರಳಿತ್ತು. ಇವತ್ತು ಅವಳು ಯಾವ ಹೆಸರನ್ನೂ ಸರಿಪಡಿಸಲಿಲ್ಲ.

“ಬೇಡ,” ಎಂದರು ಡಾಕ್ಟರು. “ಅದು ಸಿನರಿನಾನೇ. ನಾನು... ನಾನು ಬೆಳಿಗ್ಗೆ ನೋಡ್ದೆ. ಹಲ್ಲು ದಪ್ಪ ಇದೆ. ಮೊಂಡು.”

“ನೀವೇ ನೋಡಿದ್ರಾ?”

“ನಾನೇ ನೋಡ್ದೆ. ನನ್ನದೇ ತಪ್ಪು ಗ್ರಹಿಕೆ. ಕ್ಷಮಿಸಿ.”

ಹಜಾರದಲ್ಲಿ ಸಮಾಧಾನದ ಉಸಿರು ಹರಿಯಿತು. ತಪ್ಪೊಪ್ಪಿಕೊಂಡವನ ಮೇಲೆ ಸಂಘಕ್ಕೆ ಎಲ್ಲಿಲ್ಲದ ಪ್ರೀತಿ. ಒಬ್ಬರು ಬೆನ್ನು ತಟ್ಟಿದರು. ಇನ್ನೊಬ್ಬರು, ತಮಗೂ ಮೊದಮೊದಲು ಹೀಗೇ ಆಗುತ್ತಿತ್ತೆಂದು ಧೈರ್ಯ ಹೇಳಿದರು. ಜಡ್ಜ್ ಸಾಹೇಬರು ಕಾಫಿ ಬಟ್ಟಲು ಕೈಯಲ್ಲಿ ಹಿಡಿದು ನಿಂತು, ವಿನಯ ಹೇಗೆ ವಿದ್ಯೆಯ ಮೊದಲ ಮೆಟ್ಟಿಲು ಎಂಬುದರ ಬಗ್ಗೆ ಸಾಕಷ್ಟು ದೀರ್ಘವಾಗಿ ಮಾತಾಡಿದರು. ಅವರ ಹಲ್ಲು ಒಮ್ಮೆಯೂ ಅಲುಗಲಿಲ್ಲ, ಎಷ್ಟೆಂದರೂ ಡಾಕ್ಟರೇ ಕೂರಿಸಿದ್ದು. ಕೊನೆಗೆ, ಹೊಸ ಸದಸ್ಯರು ಅಕಾಂಥೊ ಎಂದು ಮೋಸಹೋಗದ ಹಾಗೆ, ಅವರನ್ನು ಆಗಾಗ ಕರೆತಂದು ಈ ಸಿನರಿನಾವನ್ನು ತೋರಿಸುವುದೆಂದು ನಿರ್ಣಯವಾಯಿತು. ಡಾಕ್ಟರು ಧಾರಾಳವಾಗಿ ಒಪ್ಪಿದರು. “ಬರ್ಲಿ. ಆದ್ರೆ ಯಾರೂ ಮುಟ್ಟಬಾರ್ದು” ಎಂದರು, ಇನ್ನೊಮ್ಮೆ ಅದನ್ನೇ ಹೇಳಿದರು. ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಕಾರ್ಯದರ್ಶಿ ಮೆಟ್ಟಿಲಿಳಿಯುತ್ತ ಯಾರಿಗೋ ಹೇಳಿದ್ದು ಕೇಳಿಸಿತು: “ಪಾಪ, ಒಳ್ಳೇ ಮನುಷ್ಯ. ಹಲ್ಲು ಬಿಟ್ರೆ ಬೇರೆ ಏನೂ ಗೊತ್ತಿಲ್ಲ.”

ಒಳಗೆ ಬಂದಾಗ ಹೆಂಡತಿ ಬಟ್ಟಲುಗಳನ್ನು ಜೋಡಿಸುತ್ತಿದ್ದಳು. “ಹೌದೇನ್ರೀ, ಸಿನರಿನಾನೇನಾ?” ಎಂದಳು, ಪೂರ್ತಿ ಬಾಯಿಂದ, ಸ್ವಚ್ಛವಾಗಿ. ಡಾಕ್ಟರಿಗೆ ನಿಜ ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ, ಅವಳೊಬ್ಬಳಿಗಾದರೂ ತಾವು ಸರಿ ಎಂದು ಗೊತ್ತಾಗುತ್ತದೆ. ಆ ಆಸೆಯನ್ನೇ ಕಂಡು ಅವರಿಗೆ ಹೇಸಿಗೆಯಾಯಿತು. “ನಾಳೆ ಎಷ್ಟು ಹೊತ್ತಿಗೆ ಹೋಗ್ಬೇಕು ನೀನು?” ಎಂದು ಕೇಳಿದರು. “ಯಾಕೆ?” “ನಾನೂ ಬರ್ತೀನಿ.” ಅವಳು ಬಟ್ಟಲು ಕೆಳಗಿಟ್ಟು ಅವರನ್ನೇ ನೋಡಿದಳು. “ಬನ್ನಿ. ಒಳಗೆ ಬರಬೇಡಿ. ಆ ಹುಡುಗಿ ಕೈ ನಡುಗುತ್ತೆ.”

ಮರುದಿನ ಎದುರು ರಸ್ತೆಯ ಕ್ಲಿನಿಕ್ಕಿನಲ್ಲಿ, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ಕಿನ ಕುರ್ಚಿಯಲ್ಲಿ ಡಾಕ್ಟರು ಕೂತರು. ಮಡಿಲಲ್ಲಿ ಹೆಂಡತಿಯ ಚೀಲ. ಗೋಡೆಯ ಮೇಲೆ ನಗುವ ಹಲ್ಲಿನ ಚಿತ್ರ. ಅದರಲ್ಲಿ ವಸಡಿನ ಬಣ್ಣ ತಪ್ಪಾಗಿತ್ತು, ಯಾರಿಗೂ ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಅವರ ಕಡೆ ತಿರುಗಿ, “ನಿಮಗೂ ಹಲ್ಲಾ?” ಎಂದು ಕೇಳಿದಳು.

“ಇಲ್ಲ. ನಮ್ಮ ಮನೆಯವರಿಗೆ.”

“ಭಯ ಪಡಬೇಡಿ. ಈಯಮ್ಮಂದು ಹಗುರ ಕೈ,” ಎಂದಳು ಮುದುಕಿ. “ಅಲ್ಲೊಬ್ಬ ಇದಾನೆ, ಆ ಕಡೆ. ಅವನ ಹತ್ರ ಮಾತ್ರ ಹೋಗ್ಬೇಡಿ. ಬಾಯಿ ನೋಡ್ತಾ ನೋಡ್ತಾ ಎಲ್ಲೋ ಹೋಗ್ಬಿಟ್ಟಿರ್ತಾನೆ.”

“ಇಲ್ಲ, ಹೋಗಲ್ಲ” ಎಂದರು ಡಾಕ್ಟರು. ಆಗ ಒಳಗೆ ಯಂತ್ರ ಶುರುವಾಯಿತು. ಸಣ್ಣಗೆ, ಕೀರಲಾಗಿ, ಎಲುಬಿನೊಳಗೇ ಕೊರೆಯುವ ಹಾಗೆ. ನಡುವೆ ನಿಂತಾಗ ಹೆಂಡತಿ ಏನೋ ಗಂಟಲಲ್ಲೇ ಅಂದಂತಾಯಿತು, ಮತ್ತೆ ಶುರುವಾಯಿತು. ಡಾಕ್ಟರು ಚೀಲವನ್ನು ಎರಡೂ ಕೈಯಿಂದ ಅವುಚಿ ಹಿಡಿದರು. ಇಷ್ಟು ವರ್ಷ ದಿನಾ ಕೇಳಿದ ಸದ್ದು ಅದು. ಬಾಗಿಲಿನ ಈ ಕಡೆಯಿಂದ ಒಮ್ಮೆಯೂ ಕೇಳಿರಲಿಲ್ಲ.